ಸೋಮವಾರದ ಹೊಟ್ಟೆನೋವು

ಸೋಮವಾರ ಬೆಳಿಗ್ಗೆ ಏಳೂವರೆ. ಒಲೆಯ ಮೇಲೆ ಉಪ್ಪಿಟ್ಟು ಬೇಯುತ್ತಿದೆ. ಎಂಟೂಕಾಲರ ಬಸ್ಸಿಗೆ ಹೊರಡಬೇಕಾದ ಹುಡುಗಿ ಇನ್ನೂ ಹಾಸಿಗೆಯಲ್ಲೇ ಮುದುಡಿ ಮಲಗಿದ್ದಾಳೆ. ‘ಅಮ್ಮಾ, ಹೊಟ್ಟೆ ನೋಯ್ತಿದೆ’ ಎನ್ನುತ್ತಾಳೆ. ಅಮ್ಮ ಜೀರಿಗೆ ಕಷಾಯ ಕಾಯಿಸಿ ಕೊಡುತ್ತಾಳೆ. ಅಜ್ಜಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಾಳೆ. ‘ಎಲ್ಲ ನಾಟಕ, ಶಾಲೆ ತಪ್ಪಿಸೋಕೆ’ ಎಂದು ಅಪ್ಪ ಗೊಣಗುತ್ತಾ ಕೆಲಸಕ್ಕೆ ಹೊರಡುತ್ತಾನೆ. ಬಸ್ಸು ಹೋಗಿಬಿಡುತ್ತದೆ. ಹತ್ತು ಗಂಟೆಯ ಹೊತ್ತಿಗೆ ನೋವು ಮಾಯ. ಹನ್ನೊಂದಕ್ಕೆ ಹುಡುಗಿ ತಣ್ಣಗಾದ ಉಪ್ಪಿಟ್ಟನ್ನು ತಾನೇ ಬಡಿಸಿಕೊಂಡು ತಿನ್ನುತ್ತಾಳೆ.

ಇವಳು ಎಂಟನೇ ತರಗತಿ. ಏಳನೆಯವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಲೆಕ್ಕದಲ್ಲಿ ಚುರುಕು, ಕೋಲಾಟದಲ್ಲಿ ಮುಂದು. ಈ ವರ್ಷ ತಾಲ್ಲೂಕು ಕೇಂದ್ರದ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ್ದಾರೆ. ಮೊದಲು ಸೋಮವಾರ ಮಾತ್ರ ಬರುತ್ತಿದ್ದ ಹೊಟ್ಟೆನೋವು ಈಗ ಗುರುವಾರವೂ ಬರುತ್ತದೆ. ರಕ್ತ ಪರೀಕ್ಷೆ, ಮೂತ್ರ ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್ ಎಲ್ಲ ಆಯಿತು. ‘ಏನೂ ತೊಂದರೆಯಿಲ್ಲ’ ಎಂದರು ವೈದ್ಯರು. ‘ನೋಡಿದೆಯಾ, ನಾನು ಹೇಳಲಿಲ್ಲವೇ?’ ಎಂದ ಅಪ್ಪ.

ಇಂಥ ಹುಡುಗಿ ಒಬ್ಬಳಲ್ಲ. ಒಂದು ಮನೆಯಲ್ಲಿ ಹೊಟ್ಟೆನೋವಾದರೆ ಇನ್ನೊಂದು ಮನೆಯಲ್ಲಿ ತಲೆನೋವು, ಮತ್ತೊಂದರಲ್ಲಿ ವಾಂತಿ. ಎಲ್ಲ ಕಡೆಯೂ ತಂದೆ ತಾಯಿಗಳ ಪ್ರಶ್ನೆ ಒಂದೇ: ಬೈದು ಕಳಿಸಬೇಕೋ, ಪಾಪ ಎಂದು ಮನೆಯಲ್ಲಿ ಉಳಿಸಿಕೊಳ್ಳಬೇಕೋ?

ನಾಟಕವಲ್ಲ, ನಿಜವಾದ ನೋವು

ಮೊದಲು ತಿಳಿಯಬೇಕಾದದ್ದು ಇದು: ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ಆ ನೋವು ಸುಳ್ಳಲ್ಲ. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ನೂರು ವರ್ಷಕ್ಕೂ ಹಿಂದೆ ಬೆಕ್ಕುಗಳ ಜೀರ್ಣಕ್ರಿಯೆಯನ್ನು ಎಕ್ಸ್‌ರೇ ಮೂಲಕ ಗಮನಿಸುತ್ತಿದ್ದರು. ಬೆಕ್ಕು ಗಾಬರಿಗೊಂಡರೆ, ಕೆರಳಿದರೆ, ಅದರ ಜಠರದ ಚಲನೆ ನಿಂತುಬಿಡುವುದು ಅವರಿಗೆ ಕಂಡಿತು. ಭಯ, ಕೋಪಗಳು ದೇಹದ ಒಳಗೆ ಏನೇನು ಮಾಡುತ್ತವೆ ಎಂಬುದನ್ನು ಅವರು 1915ರಲ್ಲಿ ಪುಸ್ತಕವಾಗಿ ಬರೆದರು.

ಅಪಾಯ ಎದುರಾದಾಗ ಓಡಲು ಅಥವಾ ಹೋರಾಡಲು ದೇಹ ಸಿದ್ಧವಾಗುತ್ತದೆ. ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರುತ್ತದೆ. ಎದೆ ಡವಗುಟ್ಟುತ್ತದೆ, ಅಂಗೈ ಬೆವರುತ್ತದೆ, ಉಸಿರು ಮೇಲೆ ಮೇಲೆ ಬರುತ್ತದೆ. ಹೊಟ್ಟೆಗೆ ಹೋಗುವ ರಕ್ತ ಕಡಿಮೆಯಾಗಿ ಕೈಕಾಲುಗಳ ಸ್ನಾಯುಗಳಿಗೆ ಹೆಚ್ಚು ಹರಿಯುತ್ತದೆ. ಹೊಟ್ಟೆಯಲ್ಲಿ ಹಿಂಡಿದಂತಾಗುವುದು, ವಾಕರಿಕೆ ಬರುವುದು, ಪದೇ ಪದೇ ಬಚ್ಚಲಿಗೆ ಓಡಬೇಕೆನಿಸುವುದು ಇದರಿಂದಲೇ. ಎದುರಿಗಿರುವುದು ಹುಲಿಯೋ ಇಂಗ್ಲಿಷ್ ಪಾಠವೋ ಎಂದು ದೇಹ ವಿಚಾರಿಸುವುದಿಲ್ಲ. ಎರಡಕ್ಕೂ ಒಂದೇ ಬಗೆಯಲ್ಲಿ ಸಜ್ಜಾಗುತ್ತದೆ.

ಆದ್ದರಿಂದ ‘ನಾಟಕ ಆಡಬೇಡ’ ಎಂದು ಗದರಿದರೆ ಮಗುವಿಗೆ ಎರಡು ಕಷ್ಟ. ನೋವು ಒಂದು, ನಂಬದ ಅಪ್ಪ ಇನ್ನೊಂದು. ಹೆದರಿದವರ ಮೇಲೆ ಹಾವು ಎಸೆದಂತೆ.

ಮೊದಲು ಕಾರಣ ಹುಡುಕಿ

ಕಾರಣವನ್ನು ಬೆಳಗಿನ ಗಡಿಬಿಡಿಯಲ್ಲಿ ಕೇಳಬಾರದು. ಆಗ ಮಗುವಿಗೂ ಉತ್ತರ ತಿಳಿಯದು, ಅಮ್ಮನಿಗೂ ತಾಳ್ಮೆ ಇರದು. ರಾತ್ರಿ ಅವರೆಕಾಯಿ ಬಿಡಿಸುವಾಗ, ಬಟ್ಟೆ ಮಡಿಸುವಾಗ, ಅಪ್ಪನ ಜೊತೆ ಅಂಗಡಿಗೆ ನಡೆದು ಹೋಗುವಾಗ ಮಾತು ತಾನಾಗಿ ಬರುತ್ತದೆ. ‘ಏನಾಗಿದೆ ಹೇಳು’ ಎನ್ನುವುದಕ್ಕಿಂತ ‘ಶಾಲೆಯಲ್ಲಿ ಯಾವ ಪಿರಿಯಡ್ ಬೇಗ ಮುಗಿಯಲಿ ಅನಿಸುತ್ತೆ?’ ಎಂದು ಕೇಳುವುದು ಮೇಲು.

ಈ ಹುಡುಗಿಯ ವಿಷಯದಲ್ಲಿ ಹಾಗೇ ಆಯಿತು. ಸೋಮವಾರ ಮತ್ತು ಗುರುವಾರ ಮೊದಲ ಪಿರಿಯಡ್ ಇಂಗ್ಲಿಷ್. ಒಬ್ಬೊಬ್ಬರಾಗಿ ಎದ್ದು ನಿಂತು ಪಾಠ ಓದಬೇಕು. ಜೂನ್ ತಿಂಗಳಲ್ಲಿ ಒಂದು ಪದ ತಪ್ಪಾಗಿ ಉಚ್ಚರಿಸಿದ್ದಳು. ಇಡೀ ತರಗತಿ ನಕ್ಕಿತು. ಆಮೇಲೆ ಒಂದು ವಾರ ಕೆಲವರು ಅದೇ ಪದದಿಂದ ಅವಳನ್ನು ಕರೆದರು. ಅಷ್ಟೇ. ದೊಡ್ಡವರಿಗೆ ಅದು ‘ಅಷ್ಟೇ’. ಹದಿಮೂರು ವರ್ಷದವಳಿಗೆ ಅಷ್ಟೇ ಅಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. ಎಲ್ಲ ಹೆದರಿಕೆಯೂ ಮನಸ್ಸಿನ ಕಲ್ಪನೆಯಲ್ಲ. ಶಿಕ್ಷಕರು ಹೊಡೆಯುತ್ತಿರಬಹುದು, ದೊಡ್ಡ ಹುಡುಗರು ಹಣ ಕೀಳುತ್ತಿರಬಹುದು, ಬಸ್ಸಿನಲ್ಲಿ ಯಾರೋ ಕೆಟ್ಟದಾಗಿ ಮುಟ್ಟುತ್ತಿರಬಹುದು. ಅಂಥಲ್ಲಿ ಮಗುವಿಗೆ ಧೈರ್ಯ ಹೇಳಿ ಕಳಿಸುವುದು ತಪ್ಪು, ಅಪಾಯವನ್ನೇ ನಿಲ್ಲಿಸಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಕರೆ ಮಾಡಬಹುದು. ಕೆಲವು ಮಕ್ಕಳಿಗೆ ಕಪ್ಪು ಹಲಗೆ ಸರಿಯಾಗಿ ಕಾಣದೆ, ಇಲ್ಲವೇ ಅಕ್ಷರಗಳನ್ನು ಕೂಡಿಸಿ ಓದುವುದೇ ಕಷ್ಟವಾಗಿ ಭಯ ಹುಟ್ಟಿರುತ್ತದೆ. ಅದನ್ನೂ ತಪಾಸಣೆ ಮಾಡಿಸಬೇಕು.

ಮನೆಯಲ್ಲಿ ಉಳಿದಾಗ ಕಲಿಯುವ ಪಾಠ

ಅಂಥ ಅಪಾಯ ಇಲ್ಲವೆಂದು ಖಚಿತವಾಯಿತು ಎನ್ನೋಣ. ಈಗ ಆ ಸೋಮವಾರಕ್ಕೆ ಮರಳಿ ನೋಡಿ. ಬಸ್ಸು ಹೋಯಿತು, ನೋವು ಹೋಯಿತು. ಹುಡುಗಿಯ ಮನಸ್ಸು ಆ ದಿನ ಒಂದು ಪಾಠ ಕಲಿಯಿತು: ‘ಶಾಲೆ ನಿಜಕ್ಕೂ ಅಪಾಯದ ಜಾಗ. ಮನೆಯಲ್ಲಿ ಉಳಿದದ್ದರಿಂದ ಬದುಕಿಕೊಂಡೆ.’ ಮುಂದಿನ ವಾರ ಹೊಟ್ಟೆ ಇನ್ನೂ ಬೇಗ ನೋಯುತ್ತದೆ. ತಪ್ಪಿಸಿಕೊಂಡಾಗ ಸಿಗುವ ಸಮಾಧಾನವೇ ಆತಂಕಕ್ಕೆ ಗೊಬ್ಬರ. ಅಷ್ಟರಲ್ಲಿ ಪಾಠಗಳೂ ಹಿಂದೆ ಬೀಳುತ್ತವೆ. ಹೆದರಲು ಹೊಸದೊಂದು ಕಾರಣ ಸಿಗುತ್ತದೆ.

ಮನೆಯಲ್ಲಿ ಉಳಿಸಿಕೊಳ್ಳುವುದು ಮಾತ್ರವಲ್ಲ, ಪ್ರೀತಿಯಿಂದ ಮಾಡುವ ಹಲವು ಕೆಲಸಗಳು ಇದೇ ಸಾಲಿಗೆ ಸೇರುತ್ತವೆ. ‘ಓದಲು ಎಬ್ಬಿಸಬೇಡಿ’ ಎಂದು ಟೀಚರಿಗೆ ಚೀಟಿ ಬರೆದು ಕೊಡುವುದು. ನೆಂಟರು ‘ಏನಮ್ಮಾ ಹೆಸರು?’ ಎಂದರೆ ಮಗುವಿನ ಪರವಾಗಿ ಅಮ್ಮನೇ ಉತ್ತರಿಸುವುದು. ಕತ್ತಲೆಯ ಹೆದರಿಕೆಯೆಂದು ಹನ್ನೆರಡು ವರ್ಷದವನ ಜೊತೆ ಬಚ್ಚಲಿನ ಬಾಗಿಲವರೆಗೆ ದಿನವೂ ಹೋಗುವುದು. ‘ಏನೂ ಆಗಲ್ಲ ಅಲ್ವಾ ಅಮ್ಮಾ?’ ಎಂಬ ಒಂದೇ ಪ್ರಶ್ನೆಗೆ ರಾತ್ರಿ ಹತ್ತು ಸಲ ‘ಇಲ್ಲ ಪುಟ್ಟಿ’ ಎನ್ನುವುದು. ಪ್ರತಿ ಸಲವೂ ಮಗುವಿಗೆ ಸಮಾಧಾನವಾಗುತ್ತದೆ, ಐದು ನಿಮಿಷ. ಆರನೆಯ ನಿಮಿಷಕ್ಕೆ ಅಮ್ಮ ಮತ್ತೆ ಬೇಕು.

ಹಾಗಾದರೆ ಮಗುವಿನ ಆತಂಕಕ್ಕೆ ತಂದೆ ತಾಯಿಯೇ ಕಾರಣವೆ? ಅಲ್ಲ. ಕೆಲವು ಮಕ್ಕಳ ಸ್ವಭಾವವೇ ಹಾಗೆ, ಬೇಗ ಬೆದರುತ್ತಾರೆ. ಆದರೆ ಪರಿಹಾರ ಮಾತ್ರ ಬಹುಮಟ್ಟಿಗೆ ತಂದೆ ತಾಯಿಯ ಕೈಯಲ್ಲಿದೆ. ಇದಕ್ಕೆ ಗಟ್ಟಿ ಆಧಾರ ಇದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ಮತ್ತು ಸಂಗಡಿಗರು ತೀವ್ರ ಆತಂಕದಿಂದ ಬಳಲುತ್ತಿದ್ದ 7ರಿಂದ 14 ವರ್ಷದ 124 ಮಕ್ಕಳ ಮೇಲೆ ನಡೆಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಒಂದು ಗುಂಪಿನಲ್ಲಿ ಮಕ್ಕಳಿಗೇ ಹನ್ನೆರಡು ವಾರ ಮನೋಚಿಕಿತ್ಸೆ ಕೊಟ್ಟರು. ಇನ್ನೊಂದು ಗುಂಪಿನಲ್ಲಿ ಮಕ್ಕಳಿಗೆ ಚಿಕಿತ್ಸೆ ಇರಲಿಲ್ಲ. ತಂದೆ ತಾಯಿಗೆ ಮಾತ್ರ ತರಬೇತಿ. ಭಯಕ್ಕೆ ಒತ್ತಾಸೆಯಾಗುವ ಇಂಥ ‘ಸಹಾಯ’ಗಳನ್ನು ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡುವುದು ಹೇಗೆಂದು ಕಲಿಸಿದರು. ಎರಡೂ ಗುಂಪಿನ ಮಕ್ಕಳು ಒಂದೇ ಪ್ರಮಾಣದಲ್ಲಿ ಚೇತರಿಸಿಕೊಂಡರು.

ಮೊಲಕ್ಕೆ ಹೆದರಿದ ಹುಡುಗ

ಹಾಗೆಂದು ಮಗುವನ್ನು ಒಮ್ಮೆಲೇ ನೀರಿಗೆ ತಳ್ಳಬೇಕೆಂದಲ್ಲ. ಇನ್ನೂ ಹಳೆಯದಾದ ಒಂದು ಪ್ರಸಂಗ ಇಲ್ಲಿ ದಾರಿ ತೋರಿಸುತ್ತದೆ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಮನೋವಿಜ್ಞಾನಿ ಪೀಟರ್ ಎಂಬ ಪುಟ್ಟ ಹುಡುಗನ ಬಗ್ಗೆ ಬರೆದರು. ಅವನಿಗೆ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಮೊಲ ಕಂಡರೆ ಚೀರುತ್ತಿದ್ದ. ಜೋನ್ಸ್ ಅವನನ್ನು ಕುರ್ಚಿಯಲ್ಲಿ ಕೂರಿಸಿ ಅವನಿಗೆ ಇಷ್ಟವಾದ ತಿಂಡಿ ಕೊಟ್ಟು, ಅವನು ತಿನ್ನುವುದು ನಿಲ್ಲಿಸದಷ್ಟು ದೂರದಲ್ಲಿ ಪಂಜರದ ಮೊಲವನ್ನು ಇಟ್ಟರು. ಆಮೇಲೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಮೊಲಕ್ಕೆ ಹೆದರದ ಬೇರೆ ಮಕ್ಕಳನ್ನೂ ಜೊತೆಗೆ ಆಡಲು ಬಿಟ್ಟರು.

ನಡುವೆ ಪೀಟರ್ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ. ಅಲ್ಲಿಂದ ಹೊರಡುವಾಗ ದೊಡ್ಡ ನಾಯಿಯೊಂದು ಮೇಲೆರಗಿತು. ಹಳೆಯ ಭಯವೆಲ್ಲ ಮರಳಿತು. ಜೋನ್ಸ್ ಕೈಬಿಡಲಿಲ್ಲ, ಮತ್ತೆ ದೂರದಿಂದ ಆರಂಭಿಸಿದರು. ಕೊನೆಗೆ ಮೊಲ ಅವನ ಬೆರಳನ್ನು ಮೆಲ್ಲಗೆ ಕಚ್ಚಿದರೂ ಪೀಟರ್ ಸುಮ್ಮನಿದ್ದ.

ಇದರಲ್ಲಿರುವ ತತ್ವ ಮೂರು. ಭಯದಿಂದ ಓಡಬಾರದು. ಅದರ ಕಡೆಗೆ ಧುಮುಕಲೂ ಬಾರದು, ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ಒಂದು ಮೆಟ್ಟಿಲು ಜಾರಿದರೆ ಎಲ್ಲ ಮುಗಿಯಿತೆಂದು ತಿಳಿಯಬಾರದು.

ಮೆಟ್ಟಿಲು ಕಟ್ಟುವುದು ಹೇಗೆ?

ಎಂಟನೇ ತರಗತಿಯ ಹುಡುಗಿ ಮತ್ತು ಅವಳ ಅಮ್ಮ ಒಂದು ಭಾನುವಾರ ನೋಟ್‌ಬುಕ್ಕಿನ ಹಾಳೆಯಲ್ಲಿ ಮೆಟ್ಟಿಲುಗಳನ್ನು ಬರೆದರು. ಮೊದಲನೆಯದು, ಕೋಣೆಯಲ್ಲಿ ಒಬ್ಬಳೇ ಗಟ್ಟಿಯಾಗಿ ಐದು ಸಾಲು ಓದುವುದು. ಎರಡನೆಯದು, ಅಜ್ಜಿಗೆ ಓದಿ ತೋರಿಸುವುದು. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ; ತಪ್ಪಾದರೂ ತಿಳಿಯದು. ಮೂರನೆಯದು, ಅಪ್ಪನ ಎದುರು. ನಾಲ್ಕನೆಯದು, ಊಟದ ಬಿಡುವಿನಲ್ಲಿ ಒಬ್ಬ ಗೆಳತಿಯ ಎದುರು. ಐದನೆಯದು, ಯಾರೂ ಇಲ್ಲದ ತರಗತಿಯಲ್ಲಿ ಟೀಚರ್ ಎದುರು. ಆರನೆಯದು, ಪಿರಿಯಡ್ಡಿನಲ್ಲಿ ಎದ್ದು ನಿಂತು ಒಂದೇ ಒಂದು ವಾಕ್ಯ. ಏಳನೆಯದು, ಒಂದು ಪ್ಯಾರಾ.

ಒಂದೊಂದು ಮೆಟ್ಟಿಲಲ್ಲೂ ಭಯ ಹತ್ತರಲ್ಲಿ ಎಷ್ಟು ಎಂದು ಅವಳೇ ಅಂಕ ಹಾಕಬೇಕು. ಅಜ್ಜಿಯ ಎದುರು ಎರಡು, ತರಗತಿಯಲ್ಲಿ ಒಂಬತ್ತು. ಒಂದೇ ಮೆಟ್ಟಿಲನ್ನು ಮತ್ತೆ ಮತ್ತೆ ಹತ್ತಿದಾಗ ಅಂಕ ತಾನಾಗಿ ಇಳಿಯುತ್ತದೆ. ಇಳಿದ ಮೇಲೆ ಮುಂದಿನದು. ಅಂಕ ಸೊನ್ನೆಯಾಗುವವರೆಗೆ ಕಾಯಬೇಕಾಗಿಲ್ಲ. ಸ್ವಲ್ಪ ಭಯ ಉಳಿದಿದ್ದರೂ ಕೆಲಸ ಮಾಡಬಹುದು ಎಂಬುದೇ ಇಲ್ಲಿ ಕಲಿಯಬೇಕಾದ ಮುಖ್ಯ ಪಾಠ.

ಅಮ್ಮ ಶಾಲೆಗೂ ಹೋಗಿ ಬಂದಳು. ‘ಓದಿಸಲೇ ಬೇಡಿ’ ಎನ್ನುವುದಕ್ಕಲ್ಲ. ‘ಎರಡು ವಾರ ಮೊದಲೇ ಹೇಳಿ, ಚಿಕ್ಕದನ್ನು ಓದಿಸಿ. ಯಾರಾದರೂ ನಕ್ಕರೆ ದಯವಿಟ್ಟು ತಡೆಯಿರಿ’ ಎಂದು ಕೇಳುವುದಕ್ಕೆ. ಇದರ ಜೊತೆಗೆ ಮನೆಯ ನಿಯಮ ಒಂದೇ: ಜ್ವರ, ವಾಂತಿ, ಭೇದಿ ಇದ್ದರೆ ರಜೆ. ಬರಿಯ ಹೊಟ್ಟೆಹಿಂಡು ಇದ್ದರೆ ಬಸ್ಸು.

ಮಾತು ಹೇಗಿರಬೇಕು?

‘ಇಷ್ಟಕ್ಕೆಲ್ಲ ಯಾರಾದರೂ ಹೆದರ್ತಾರಾ?’ ‘ಪಕ್ಕದ ಮನೆ ಹುಡುಗನ್ನ ನೋಡು’ ‘ನಿನ್ನ ವಯಸ್ಸಿನಲ್ಲಿ ನಾನು ಆರು ಮೈಲಿ ನಡೀತಿದ್ದೆ’ – ಇವುಗಳಿಂದ ಭಯ ಹೋಗುವುದಿಲ್ಲ. ಭಯವನ್ನು ಬಚ್ಚಿಡಲು ಮಗು ಕಲಿಯುತ್ತದೆ. ‘ಅಯ್ಯೋ ಪಾಪ, ಇವತ್ತು ಬೇಡ ಬಿಡು’ ಎಂಬುದರಿಂದಲೂ ಹೋಗುವುದಿಲ್ಲ. ಮಾತಿನಲ್ಲಿ ಎರಡು ಭಾಗ ಇರಬೇಕು. ಮೊದಲನೆಯದು ಕಷ್ಟವನ್ನು ಒಪ್ಪುವುದು, ಎರಡನೆಯದು ಶಕ್ತಿಯನ್ನು ನಂಬುವುದು. ‘ಹೊಟ್ಟೆ ಹಿಂಡ್ತಿದೆ, ಗೊತ್ತು ಮಗಳೇ. ಅದನ್ನ ಇಟ್ಕೊಂಡೇ ನೀನು ಹೋಗಬಲ್ಲೆ ಅಂತಲೂ ಗೊತ್ತು.’ ಎರಡರಲ್ಲಿ ಒಂದನ್ನು ಬಿಟ್ಟರೂ ಮಾತು ಸೋಲುತ್ತದೆ.

‘ಏನೂ ಆಗಲ್ಲ’ ಎಂಬ ಭರವಸೆಯನ್ನು ಕೊಡದಿರುವುದು ಒಳ್ಳೆಯದು. ಏನಾದರೂ ಆಗಬಹುದು. ಯಾರಾದರೂ ನಗಬಹುದು. ‘ನಕ್ಕರೆ ಏನು ಮಾಡ್ತೀಯಾ?’ ಎಂದು ಕೇಳಿ ಮಗುವಿನಿಂದಲೇ ಉತ್ತರ ಬರಿಸುವುದು ಲೇಸು. ಅಂಕಕ್ಕಿಂತ ಪ್ರಯತ್ನವನ್ನು ಹೊಗಳಬೇಕು: ‘ಚೆನ್ನಾಗಿ ಓದಿದೆ’ ಎನ್ನುವುದಕ್ಕಿಂತ ‘ಹೆದರಿಕೆ ಇದ್ರೂ ಎದ್ದು ನಿಂತೆಯಲ್ಲ’ ಎನ್ನುವುದು.

ಮಕ್ಕಳು ಮಾತಿಗಿಂತ ಹೆಚ್ಚಾಗಿ ಮುಖವನ್ನು ಓದುತ್ತಾರೆ. 1985ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವರ್ಷದ ಕೂಸುಗಳನ್ನು ಗಾಜಿನ ಮೇಜಿನ ಮೇಲೆ ಬಿಟ್ಟರು. ನಡುವೆ ಕೆಳಗೆ ಸಣ್ಣ ತಗ್ಗು ಇರುವಂತೆ ಕಾಣುತ್ತಿತ್ತು. ಆಚೆ ಬದಿಯಲ್ಲಿ ತಾಯಿ. ತಾಯಿ ನಗುಮುಖ ತೋರಿಸಿದಾಗ ಹೆಚ್ಚಿನ ಕೂಸುಗಳು ಅಂಬೆಗಾಲಿಟ್ಟು ದಾಟಿದವು. ಹೆದರಿದ ಮುಖ ತೋರಿಸಿದಾಗ ಒಂದೂ ದಾಟಲಿಲ್ಲ. ಬಸ್ ನಿಲ್ದಾಣದಲ್ಲಿ ಬಿಡಲು ಬಂದ ತಾಯಿಯ ಕಣ್ಣಲ್ಲಿ ನೀರಿದ್ದರೆ ‘ಧೈರ್ಯವಾಗಿ ಹೋಗು’ ಎಂಬ ಮಾತು ಮಗುವಿನ ಕಿವಿಗೆ ಬೀಳುವುದಿಲ್ಲ. ಫೀಸು, ಸಾಲ, ಕೆಲಸದ ಚಿಂತೆಗಳು ದೊಡ್ಡವರಿಗೂ ಇವೆ. ಅವನ್ನು ಪೂರ್ತಿ ಮುಚ್ಚಿಡಬೇಕಾಗಿಲ್ಲ. ‘ನನಗೂ ಚಿಂತೆ ಇದೆ, ನಾಳೆ ಬ್ಯಾಂಕಿಗೆ ಹೋಗಿ ಮಾತಾಡ್ತೀನಿ’ ಎಂದು ಅಪ್ಪ ಹೇಳಿದರೆ, ಚಿಂತೆ ಬಂದಾಗ ಏನು ಮಾಡಬೇಕೆಂಬುದನ್ನು ಮಗು ಕಣ್ಣಾರೆ ಕಲಿಯುತ್ತದೆ.

ವಿದ್ಯಾರ್ಥಿಗಳೇ, ನಿಮಗೆ

ಪರೀಕ್ಷೆಗೆ ಮುಂಚೆ ಎದೆ ಡವಗುಟ್ಟುವುದು ದೌರ್ಬಲ್ಯವಲ್ಲ. ಅಲ್ಪಸ್ವಲ್ಪ ಆತಂಕ ಇದ್ದರೇ ಓದು ಸಾಗುತ್ತದೆ. ಅತಿಯಾದಾಗ ಮಾತ್ರ ಓದಿದ್ದು ನೆನಪಿಗೆ ಬಾರದು. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಕಣ್ಣು ಮಂಜಾದರೆ ಪೆನ್ನು ಕೆಳಗಿಡಿ. ನಾಲ್ಕು ಎಣಿಸುತ್ತಾ ಉಸಿರು ಎಳೆದುಕೊಳ್ಳಿ, ಆರು ಎಣಿಸುತ್ತಾ ಬಿಡಿ. ಹೀಗೆ ಐದಾರು ಸಲ. ಬಿಡುವ ಉಸಿರು ಉದ್ದವಾದಾಗ ಎದೆಬಡಿತ ನಿಧಾನವಾಗುತ್ತದೆ. ಇದನ್ನು ಪರೀಕ್ಷೆಯ ದಿನವೇ ಮೊದಲ ಸಲ ಮಾಡಬೇಡಿ. ಮನೆಯಲ್ಲಿ ದಿನವೂ ಅಭ್ಯಾಸ ಮಾಡಿ. ಆಮೇಲೆ ಚೆನ್ನಾಗಿ ಗೊತ್ತಿರುವ ಪ್ರಶ್ನೆಯಿಂದ ಬರೆಯಲು ಶುರುಮಾಡಿ.

ರಾತ್ರಿ ಎರಡರವರೆಗೆ ಓದಿ ಬೆಳಿಗ್ಗೆ ಕಾಫಿ ಕುಡಿದು ಹೋಗುವುದು ಜಾಣತನವಲ್ಲ. ಹದಿಹರೆಯದವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ಮಿದುಳು ಸಣ್ಣದಕ್ಕೂ ಬೆದರುತ್ತದೆ. ಮೊಬೈಲು ರಾತ್ರಿ ಹಾಸಿಗೆಯಿಂದ ದೂರ ಇರಲಿ.

ಇನ್ನೊಂದು ಮಾತು. ಕರ್ನಾಟಕದಲ್ಲಿ 2024ರಿಂದ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಬಂತು. ‘ಒಂದೇ ಅವಕಾಶ, ತಪ್ಪಿದರೆ ಬದುಕೇ ಮುಗಿಯಿತು’ ಎಂಬುದು ಹಿಂದೆಯೂ ನಿಜವಾಗಿರಲಿಲ್ಲ. ಈಗಂತೂ ಅಲ್ಲವೇ ಅಲ್ಲ.

ವೈದ್ಯರ ಬಳಿಗೆ ಯಾವಾಗ?

ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ತೂಕ ಇಳಿಯುವುದು, ಮಲದಲ್ಲಿ ರಕ್ತ, ಜ್ವರ ಇದ್ದರೆ ಅದು ಆತಂಕವೆಂದು ಮನೆಯಲ್ಲೇ ತೀರ್ಮಾನಿಸದೆ ವೈದ್ಯರಿಗೆ ತೋರಿಸಬೇಕು. ಮೆಟ್ಟಿಲುಗಳ ಪ್ರಯತ್ನ ಮಾಡಿದರೂ ವಾರಗಟ್ಟಲೆ ಶಾಲೆಗೆ ಹೋಗಲಾಗದಿದ್ದರೆ, ಊಟ ನಿದ್ದೆ ಬಿಟ್ಟರೆ, ಗೆಳೆಯರನ್ನೂ ಆಟವನ್ನೂ ತೊರೆದರೆ, ಮನೋವೈದ್ಯರ ಅಥವಾ ಆಪ್ತಸಮಾಲೋಚಕರ ನೆರವು ಬೇಕು. ‘ಸತ್ತರೆ ಸಾಕು’ ಎಂಬ ಮಾತು ಬಂದರೆ, ಮಗು ತನಗೆ ತಾನೇ ಗಾಯ ಮಾಡಿಕೊಂಡರೆ, ಅದನ್ನು ಬೆದರಿಕೆ ಎಂದು ತಳ್ಳಿಹಾಕಬಾರದು. ಮಗುವನ್ನು ಒಂಟಿಯಾಗಿ ಬಿಡದೆ ಅದೇ ದಿನ ವೈದ್ಯರನ್ನು ಕಾಣಬೇಕು.

2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲಿ ಮಾತನಾಡಬಹುದು. ಮನೋವೈದ್ಯರ ಬಳಿ ಹೋದರೆ ‘ಹುಚ್ಚು’ ಎಂಬ ಹಣೆಪಟ್ಟಿ ಬೀಳುತ್ತದೆಂದು ಹೆದರಿ ವರ್ಷಗಟ್ಟಲೆ ತಡಮಾಡುವ ಮನೆಗಳಿವೆ. ಆ ಹೆದರಿಕೆ ಮಗುವಿನದಲ್ಲ, ದೊಡ್ಡವರದು. ಅದನ್ನು ಮೊದಲು ದಾಟಬೇಕಾದವರೂ ದೊಡ್ಡವರೇ.

ಎಂಟನೇ ತರಗತಿಯ ಹುಡುಗಿ ಆರನೆಯ ಮೆಟ್ಟಿಲಿಗೆ ಬರಲು ಐದು ವಾರ ಹಿಡಿಯಿತು. ನಡುವೆ ದಸರಾ ರಜೆ ಬಂದು, ರಜೆ ಮುಗಿದ ಮೊದಲ ದಿನ ಮತ್ತೆ ಹೊಟ್ಟೆ ಹಿಂಡಿತು. ಅವತ್ತು ಅಪ್ಪ ‘ನಾಟಕ’ ಎನ್ನಲಿಲ್ಲ. ಬಸ್ ನಿಲ್ದಾಣದವರೆಗೆ ಜೊತೆಯಲ್ಲಿ ನಡೆದ. ಮತ್ತೆ ಎರಡು ಮೆಟ್ಟಿಲು ಕೆಳಗಿಂದ ಶುರುಮಾಡಿದರು.

ಕೊನೆಗೊಂದು ಗುರುವಾರ ಅವಳು ಎದ್ದು ನಿಂತು ಇಡೀ ಪ್ಯಾರಾ ಓದಿದಳು. ಎರಡು ಕಡೆ ತಡವರಿಸಿದಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳು ನಿಲ್ಲಿಸಿ, ಆ ಪದವನ್ನು ಇನ್ನೊಮ್ಮೆ ಓದಿ, ಮುಂದೆ ಸಾಗಿದಳು. ಸಂಜೆ ಮನೆಗೆ ಬಂದವಳು ಅಮ್ಮನಿಗೆ ಹೇಳಿದ್ದು ಇಷ್ಟೇ: ‘ಓದಿದೆ ಅಮ್ಮಾ. ಹೊಟ್ಟೆ ನೋಯ್ತಾನೇ ಇತ್ತು. ಓದೋ ಹೊತ್ತಿಗೆ ಮರೆತೇ ಹೋಯ್ತು.’